ಕೆಂಪು ಗೆರೆಯ ಮೇಲೊಂದು ಖಾಲಿ ಸಾಲು

ಆ ವರ್ಷದ ನನ್ನ ಡೈರಿಯಲ್ಲಿ ಮಾರ್ಚ್ ಮೂವತ್ತೊಂದರ ಪುಟದಲ್ಲಿರುವುದು ಮೂರೇ ವಾಕ್ಯ. ‘ಎಲ್ಲರ ಸಹಿ ಆಯಿತು. ಕಾಲು ನೋವು. ವಡೆ ಆರಿಹೋಗಿತ್ತು.’ ಇವುಗಳಲ್ಲಿ ಎರಡು ನಿಜ. ಕಾಲಿನ ಬಗ್ಗೆಯಾಗಲಿ ವಡೆಯ ಬಗ್ಗೆಯಾಗಲಿ ನನಗೆ ಇವತ್ತಿಗೂ ಅನುಮಾನವಿಲ್ಲ. ಮೊದಲನೆಯ ವಾಕ್ಯ ಸುಳ್ಳು. ಬರೆಯುವಾಗ ಅದು ಸುಳ್ಳೆಂದು ನನಗೆ ಗೊತ್ತಿರಲಿಲ್ಲ ಎಂದು ಪ್ರಮಾಣ ಮಾಡಿ ಹೇಳಬಲ್ಲೆ. ಆದರೆ ಹಾಗೆ ಪ್ರಮಾಣ ಮಾಡಿದ ಎಷ್ಟು ಸಾಕ್ಷಿಗಳನ್ನು ನಾನೇ ನಂಬದೆ ಕಳಿಸಿದ್ದೇನೋ ಲೆಕ್ಕವಿಲ್ಲ.

ನನ್ನ ಕಸುಬೇ ಅದಾಗಿತ್ತು. ಎಪ್ಪತ್ತರ ದಶಕದಲ್ಲಿ ನಾನು ಮುಂಬಯಿಯಲ್ಲಿ ವಿಮಾ ಕಂಪನಿಗಳ ಪರ ವಕೀಲ. ಲಾರಿಯೋ ಟ್ಯಾಕ್ಸಿಯೋ ಯಾರಿಗಾದರೂ ಬಡಿದರೆ ಅವರ ಕಡೆಯವರು ಪರಿಹಾರ ಕೇಳಿಕೊಂಡು ಟ್ರಿಬ್ಯುನಲ್ಲಿಗೆ ಬರುತ್ತಿದ್ದರು. ಕೊಡಬೇಕಾಗಿಲ್ಲ ಎಂದು ಹೇಳಲು ನಾನು ಹೋಗುತ್ತಿದ್ದೆ. ‘ಲಾರಿ ಹಸಿರು ಅಂದಿರಿ. ಪಂಚನಾಮೆಯಲ್ಲಿ ನೀಲಿ ಅಂತ ಇದೆ. ಯಾವುದು ನಿಜ?’ ಎಂದು ಕೇಳಿದರೆ ಸಾಕು, ಸಾಕ್ಷಿ ಬೆವರುತ್ತಿದ್ದ. ಇದಕ್ಕಿಂತ ಹರಿತವಾದ ಇನ್ನೊಂದು ಆಯುಧವಿತ್ತು. ಪಾಲಿಸಿಯನ್ನು ನವೀಕರಿಸುವ ದಿನ ತಪ್ಪಿತ್ತೆಂದು ತೋರಿಸಿಬಿಟ್ಟರೆ ಆಯಿತು, ಲಾರಿ ಯಾವ ಬಣ್ಣದ್ದಾದರೂ ನಮ್ಮ ಕಂಪನಿ ಕೈ ತೊಳೆದುಕೊಂಡು ಮನೆಗೆ ಹೋಗಬಹುದಿತ್ತು.

ನಮ್ಮಂಥವರಿಗೆಂದೇ ಒಂದು ಸಂಘವಿತ್ತು. ಫೋರ್ಟಿನ ಹಳೆಯ ಬಿಲ್ಡಿಂಗೊಂದರ ಎರಡನೆಯ ಮಹಡಿಯಲ್ಲಿ ಹಗಲೆಲ್ಲ ಟೈಪಿಂಗ್ ಕ್ಲಾಸು. ವಾರಕ್ಕೆ ಮೂರು ಸಂಜೆ ಅದೇ ಕೋಣೆ ವಿಮಾ ವಕೀಲರ ಸಂಘ. ಗವಸು ಹೊದಿಸಿದ ಟೈಪ್‌ರೈಟರುಗಳ ಹಿಂದೆ ಒಬ್ಬೊಬ್ಬರಾಗಿ ಕೂತು ನಾವು ಹೊಸ ತೀರ್ಪುಗಳ ಮೇಲಿನ ಉಪನ್ಯಾಸ ಕೇಳುತ್ತಿದ್ದೆವು. ಯಾರಾದರೂ ತೂಕಡಿಸಿ ಮುಂದಕ್ಕೆ ವಾಲಿದರೆ ಗವಸಿನೊಳಗಿಂದ ಟಿಂಗ್ ಎಂದು ಗಂಟೆ ಹೊಡೆಯುತ್ತಿತ್ತು. ಹೊಸ ಉಪನ್ಯಾಸಕರು ತಮ್ಮ ಸಮಯ ಮುಗಿಯಿತೆಂದು ಗಾಬರಿಯಾಗಿ ಕೂತುಬಿಡುತ್ತಿದ್ದರು.

ವರ್ಷಕ್ಕೊಂದು ಪಿಕ್ನಿಕ್ಕೂ ಇತ್ತು. ಒಂದು ಸಲ ಬಸ್ಸು ಹತ್ತುವ ಮೊದಲು ಯಾರೋ ಡ್ರೈವರನ ಹತ್ತಿರ ಬಸ್ಸಿನ ವಿಮೆಯ ಕಾಗದ ಕೇಳಿದರು. ಅದು ಕೈಯಿಂದ ಕೈಗೆ ಹೋಯಿತು. ಮೂವತ್ತು ಜನ ವಕೀಲರು ಫುಟ್‌ಪಾತಿನ ಮೇಲೆ ನಿಂತು ಅದನ್ನು ಓದಿ, ಆರನೆಯ ಷರತ್ತಿನ ಮೇಲೆ ಎರಡು ಪಂಗಡವಾಗಿ, ಒಂದು ತೀರ್ಮಾನಕ್ಕೆ ಬರುವಷ್ಟರಲ್ಲಿ ಡ್ರೈವರು ನಮ್ಮನ್ನು ಸರ್ಕಾರಿ ತಪಾಸಣೆಯವರೆಂದು ತಿಳಿದು ಬಸ್ಸು ಬಿಟ್ಟು ಓಡಿಹೋಗಿದ್ದ. ಆ ವರ್ಷ ಪೂರಿ ಭಾಜಿಯನ್ನು ಫುಟ್‌ಪಾತಿನ ಮೇಲೆಯೇ ತಿಂದೆವು. ಇದನ್ನು ನಾನು ಕಣ್ಣಾರೆ ಕಂಡೆನೋ, ಕೇಳಿ ಕೇಳಿ ಕಂಡಂತೆ ಆಗಿದೆಯೋ ಹೇಳಲಾರೆ. ಪೂರಿಯ ರುಚಿ ನೆನಪಿದೆ. ಅದು ಬೇರೆ ವರ್ಷದ ಪೂರಿಯೂ ಇರಬಹುದು.

ಸಂಘವನ್ನು ಕಟ್ಟಿದವರೇ ಅದರ ಅಧ್ಯಕ್ಷರು. ಉಡುಪಿ ಕಡೆಯವರು, ಮುಂಬಯಿಗೆ ಬಂದು ನಾಲ್ವತ್ತು ವರ್ಷವಾಗಿದ್ದರೂ ಅವರ ಕನ್ನಡ ಅಲ್ಲಿಂದ ಒಂದು ಹೆಜ್ಜೆ ಕದಲಿರಲಿಲ್ಲ. ಜೀವಮಾನವೆಲ್ಲ ಖೋಟಾ ಸಹಿಗಳ ವಿರುದ್ಧ ವಾದಿಸಿದ ಅವರು ಸಂಘದ ನವೀಕರಣಕ್ಕೆ ತಾವೇ ಒಂದು ನಿಯಮ ಬರೆದಿದ್ದರು. ಚಂದಾ ಅಂಚೆಯಲ್ಲಿ ಬರಬಹುದು, ಸಹಿ ಬರುವಂತಿಲ್ಲ. ಪ್ರತಿ ಸದಸ್ಯನೂ ಮಾರ್ಚ್ ಮೂವತ್ತೊಂದರ ಸಂಜೆ ಐದರೊಳಗೆ ಸಂಘದ ದೊಡ್ಡ ರಿಜಿಸ್ಟರಿನಲ್ಲಿ, ತನ್ನ ಹೆಸರಿನ ಮುಂದೆ, ಕೈಯಾರೆ ಸಹಿ ಹಾಕಬೇಕು. ಐದಕ್ಕೆ ಸರಿಯಾಗಿ ಅಧ್ಯಕ್ಷರು ಕೆಂಪು ಶಾಯಿಯಲ್ಲಿ ಗೆರೆ ಎಳೆಯುತ್ತಾರೆ. ಆಮೇಲೆ ಬಂದವನು ಹೊಸ ಸದಸ್ಯ. ಅವನ ಹಿಂದಿನ ವರ್ಷಗಳೆಲ್ಲ ಸೊನ್ನೆ.

‘ಅವಧಿ ಮುಗಿಯಿತು ಅಂದ್ರೆ ಮುಗಿಯಿತು ಮಾರಾಯ್ರೆ. ನನ್ನ ಭಾವನನ್ನೇ ತೆಗೆದವ ನಾನು. ಇವತ್ತಿಗೂ ಮನೆಯಲ್ಲಿ ನನಗೆ ಮೀನಿನ ಬಾಲ ಮಾತ್ರ ಬಡಿಸುದು’ ಎನ್ನುತ್ತಿದ್ದರು.

ಆ ವರ್ಷ ಈ ನಿಯಮ ನನ್ನ ಪಾಲಿಗೆ ಬರೀ ನಿಯಮವಾಗಿರಲಿಲ್ಲ. ವಿಮೆಯೆಲ್ಲ ಸರ್ಕಾರದ ಕೈಗೆ ಹೋಗಿ, ಸಣ್ಣ ಕಂಪನಿಗಳು ದೊಡ್ಡದರಲ್ಲಿ ಕರಗಿದ್ದವು. ನನಗೆ ಕೇಸು ಕೊಡುತ್ತಿದ್ದ ಸಣ್ಣ ಕಂಪನಿಯೂ ಕರಗಿತ್ತು. ಅದನ್ನು ನುಂಗಿದ ದೊಡ್ಡ ಕಂಪನಿ ತನ್ನ ವಕೀಲರ ಪಟ್ಟಿಯನ್ನು, ಅಂದರೆ ಪ್ಯಾನೆಲನ್ನು, ಹೊಸದಾಗಿ ಮಾಡುತ್ತಿತ್ತು. ಅರ್ಜಿಯ ಜೊತೆ ವೃತ್ತಿ ಸಂಘವೊಂದರಲ್ಲಿ ಐದು ವರ್ಷ ಎಡೆಬಿಡದೆ ಸದಸ್ಯನಾಗಿದ್ದಕ್ಕೆ ಪತ್ರ ಬೇಕಿತ್ತು. ನನ್ನದು ನಾಲ್ಕು ಮುಗಿದಿತ್ತು. ಈ ನವೀಕರಣ ಆದರೆ ಐದನೆಯದು. ಪ್ಯಾನೆಲ್ ಸಿಗದಿದ್ದರೆ ಮತ್ತೆ ಬಾಡಿಗೆದಾರರ ಜಗಳ, ಚಾಳಿನ ನಲ್ಲಿಯ ಸರದಿಯ ದಾವೆ, ಕೋರ್ಟಿನ ಹೊರಗೆ ಅಫಿಡವಿಟ್ ಬರೆಯಲು ಗಿರಾಕಿ ಕರೆಯುವುದು. ಬಂದ ಹೊಸತರಲ್ಲಿ ಅದನ್ನೆಲ್ಲ ಮಾಡಿದ್ದೆ. ಮತ್ತೆ ಮಾಡುವ ಧೈರ್ಯವಿರಲಿಲ್ಲ.

ನಾನು ಸಂಘದ ಇಬ್ಬರು ಜಂಟಿ ಕಾರ್ಯದರ್ಶಿಗಳಲ್ಲಿ ಒಬ್ಬ ಬೇರೆ. ಮಾರ್ಚ್ ತಿಂಗಳಿಡೀ ರಿಜಿಸ್ಟರು ನನ್ನ ಕೈಯಲ್ಲಿ. ಮೂವತ್ತೊಂದರ ಬೆಳಿಗ್ಗೆ ಇಬ್ಬರ ಸಹಿ ಬಾಕಿ ಇತ್ತು. ಒಬ್ಬ ಕಾಂದಿವಲಿಯಲ್ಲಿ ಕಾಲು ಮುರಿದುಕೊಂಡು ಮಲಗಿದ್ದ, ಇನ್ನೊಬ್ಬರು ಪರೇಲಿನ ಆಸ್ಪತ್ರೆಯಲ್ಲಿ ಹರ್ನಿಯಾ ಆಪರೇಷನ್ ಮಾಡಿಸಿಕೊಂಡು ಮಲಗಿದ್ದರು. ರಿಜಿಸ್ಟರನ್ನು ಬಟ್ಟೆಯ ಚೀಲಕ್ಕೆ ಹಾಕುತ್ತಿದ್ದಾಗ ಹೆಂಡತಿ ಕೇಳಿದಳು:

‘ಅಲ್ರೀ, ಊರ ಮಂದಿ ಸಹಿ ತರಾಕ ನೀವ್ಯಾಕ ಓಡಾಡಬೇಕು?’

‘ನಾ ಜಂಟಿ ಕಾರ್ಯದರ್ಶಿ ಅಲ್ಲೇನ?’

‘ಮತ್ತ ಇನ್ನೊಬ್ಬಾಂವ ಎಲ್ಲದಾನ?’

‘ಅಂವ ತನ್ನ ಸಹಿ ಮಾಡಿ ಮಾಥೇರಾನಕ್ಕ ಹೋಗ್ಯಾನ.’

‘ಶಾಣ್ಯಾ ಅದಾನ’ ಎಂದಳು. ಆ ಮಾತಿನ ಬೆಲೆ ನನಗೆ ಆಗ ತಿಳಿಯಲಿಲ್ಲ.

ವಿಲೆ ಪಾರ್ಲೆಯಿಂದ ಮೊದಲು ಕಾಂದಿವಲಿಗೆ ಹೋದೆ. ಅಲ್ಲಿದ್ದವನು ಧಾರವಾಡದಲ್ಲಿ ನನ್ನ ಜೊತೆ ಕಾನೂನು ಓದಿದ ಗೆಳೆಯ, ವಿಜಾಪುರದವನು. ಹದಿನೈದು ದಿನದ ಹಿಂದೆ ಲೋಕಲ್‌ನಿಂದ ಬಿದ್ದು ಬಲಗಾಲಿಗೆ ತೊಡೆಯವರೆಗೆ ಪ್ಲಾಸ್ಟರು ಹಾಕಿಸಿಕೊಂಡಿದ್ದ.

‘ಓಡೋ ಗಾಡಿಂದ ಯಾಕ ಇಳದ್ಯೋ?’

‘ನಾ ಎಲ್ಲಿ ಇಳದೆ? ನಾ ನಿಂತ ಗಾಡಿಂದ ಇಳ್ಯಾಕತ್ತಿದ್ದೆ. ಗಾಡಿನ ಓಡಿತು.’

‘ಅರ್ಜಿದಾರ ಹಿಂಗ ಹೇಳಿದ್ರ ಕೋರ್ಟಿನ್ಯಾಗ ನೀ ಏನಂತಿದ್ದಿ?’

‘ಸುಳ್ಳ ಅಂತಿದ್ದೆ. ಅವರು ಸುಳ್ಳ ಹೇಳತಿದ್ರು. ನಾ ಖರೇ ಹೇಳಾಕತ್ತೀನಿ. ಫರಕ್ ಐತಿ.’

ಅವನು ರಿಜಿಸ್ಟರನ್ನು ತೊಡೆಯ ಮೇಲಿಟ್ಟುಕೊಂಡು ಮೊದಲ ಪುಟದಿಂದ ಓದತೊಡಗಿದ. ಓದದೆ ಸಹಿ ಮಾಡಬಾರದೆಂದು ದಿನಾ ಜಡ್ಜರ ಮುಂದೆ ಹೇಳುವವನು ತಾನು ಹಾಗೆ ಮಾಡುವುದು ಹೇಗೆ ಎಂದ. ನಿಯಮಗಳನ್ನು ಓದಿದ, ಹಳೆಯ ವರ್ಷಗಳ ಸಹಿಗಳನ್ನು ನೋಡಿ ನಕ್ಕ, ಅವನ ಹೆಂಡತಿ ತಂದಿಟ್ಟ ಅವಲಕ್ಕಿ ನಾನು ಎರಡು ಸಲ ತಿಂದು ಮುಗಿಸಿದೆ. ಕೊನೆಗೆ ಸಹಿ ಮಾಡಿ, ಸಾಲುಗಳ ಮೇಲೆ ಬೆರಳಾಡಿಸಿ,

‘ನಿಂದು ಖಾಲಿ ಐತಲ್ಲೋ?’ ಅಂದ.

‘ಬಡಿಸೋರು ಕಡೀಕ ಉಣ್ಣೂದು.’

‘ಉಣ್ಣೂದು ಮರೀಬ್ಯಾಡ ಮತ್ತ.’

ಈ ಮಾತು ನನಗೆ ಸ್ಪಷ್ಟವಾಗಿ ನೆನಪಿದೆ. ತಾನು ಹಾಗೆ ಅನ್ನಲೇ ಇಲ್ಲ ಎಂದು ಅವನು ಕೊನೆಯವರೆಗೂ ವಾದಿಸಿದ. ಇಬ್ಬರಲ್ಲಿ ಯಾರೋ ಒಬ್ಬರು ತಪ್ಪು. ಡೈರಿ ಇದರ ಬಗ್ಗೆ ಏನೂ ಹೇಳುವುದಿಲ್ಲ.

ಎಲ್ಫಿನ್‌ಸ್ಟನ್ ರೋಡಿನಲ್ಲಿ ಇಳಿದು ಸೇತುವೆ ದಾಟಿ ಪರೇಲಿನ ಆಸ್ಪತ್ರೆ ಸೇರುವಾಗ ಮೂರೂವರೆ ದಾಟಿತ್ತು. ಅದು ನೋಡಲು ಬರುವವರ ಹೊತ್ತಲ್ಲ ಎಂದು ನರ್ಸು ಬಾಗಿಲಲ್ಲೇ ತಡೆದರು. ಕಾನೂನಿನ ಕೆಲಸ ಎಂದೆ. ಉಯಿಲು ಬರೆಸಲು ಬಂದಿರಬೇಕೆಂದು ತಿಳಿದು ಮೆತ್ತಗಾಗಿ ಒಳಗೆ ಬಿಟ್ಟರು. ಹರ್ನಿಯಾದ ವಕೀಲರು ರಿಜಿಸ್ಟರು ನೋಡಿ ಖುಷಿಪಟ್ಟರೂ ಪೆನ್ನು ಮುಟ್ಟಲಿಲ್ಲ. ಮಂಪರಿನ ಮದ್ದು ಇನ್ನೂ ಪೂರ್ತಿ ಇಳಿದಿಲ್ಲ, ಈ ಸ್ಥಿತಿಯಲ್ಲಿ ಹಾಕಿದ ಸಹಿಯನ್ನು ನಾಳೆ ಯಾರಾದರೂ ಪ್ರಶ್ನಿಸಿದರೆ ಏನು ಗತಿ, ಬುದ್ಧಿ ನೆಟ್ಟಗಿತ್ತು ಎಂದು ಯಾರಾದರೂ ಬರೆದುಕೊಡಬೇಕು ಎಂದರು.

ನರ್ಸನ್ನು ಕೇಳಿಕೊಂಡೆ. ಅವರು ಹಾಸಿಗೆಯ ಪಕ್ಕ ನಿಂತು ಹೆಸರೇನು ಎಂದು ಕೇಳಿದರು, ವಕೀಲರು ಸರಿಯಾಗಿ ಹೇಳಿದರು. ಇವತ್ತು ಯಾವ ವಾರ ಎಂದು ಕೇಳಿದರು, ‘ಭಾನುವಾರ’ ಎಂದರು. ಅದು ಭಾನುವಾರವಾಗಿರಲಿಲ್ಲ. ಆಸ್ಪತ್ರೆಯಲ್ಲಿ ಮಲಗಿದವನಿಗೆ ದಿನಾ ಭಾನುವಾರವೇ ಎಂದು ವಕೀಲರು ರೇಗಿದರು. ನರ್ಸು ಒಂದು ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಬರೆದುಕೊಟ್ಟರು: ‘ಹೆಸರು ಸರಿಯಾಗಿ ಹೇಳಿದರು. ವಾರ ತಪ್ಪು ಹೇಳಿದರು. ಸಿಟ್ಟು ಎಂದಿನಂತೆ ಇದೆ.’ ಅದನ್ನು ರಿಜಿಸ್ಟರಿಗೆ ಟಾಚಣಿಯಲ್ಲಿ ಚುಚ್ಚಿದ ಮೇಲೆಯೇ ಅವರು ಸಹಿ ಮಾಡಿದ್ದು.

ಫೋರ್ಟಿನ ಮೆಟ್ಟಿಲು ಹತ್ತುವಾಗ ಐದಕ್ಕೆ ನಾಲ್ಕು ನಿಮಿಷ. ಅಧ್ಯಕ್ಷರು ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟುಕೊಂಡು ಕೂತಿದ್ದರು.

‘ಎಲ್ಲ ಆಯಿತಾ?’

‘ಎಲ್ಲ ಆಯಿತು.’

‘ಶಾಭಾಸ್ ಮಾರಾಯ್ರೆ’ ಎಂದು ಕೆಂಪು ಗೆರೆ ಎಳೆದು, ಕೆಳಗೆ ವರ್ಷವರ್ಷವೂ ಬರೆಯುವಂತೆ ‘ಮೇಲ್ಕಂಡ ಎಲ್ಲ ಸದಸ್ಯರೂ ಈ ದಿನ ನವೀಕರಣಗೊಂಡಿರುತ್ತಾರೆ’ ಎಂದು ಬರೆದು ಸಹಿ ಹಾಕಿದರು. ಅಲ್ಲಿದ್ದ ನಾಲ್ಕೈದು ಜನ ಚಪ್ಪಾಳೆ ತಟ್ಟಿದರು. ಒಂದು ಸಹಿಯೂ ತಪ್ಪದ ವರ್ಷ ಅದೇ ಮೊದಲಂತೆ. ನಾನು ಆರಿದ ವಡೆ ತಿಂದು ಲೋಕಲ್ ಹಿಡಿದೆ.

ಎಂಟು ಹತ್ತು ದಿನಗಳ ಮೇಲೆ ಒಂದು ಸಂಜೆ ಸಂಘದ ಟೈಪಿಸ್ಟ್ ನನ್ನನ್ನು ಮೂಲೆಗೆ ಕರೆದರು. ವಿಜಾಪುರ ಕಡೆಯ ಸಾಬರು, ವಯಸ್ಸಾದವರು. ನಾವೆಲ್ಲ ಚಾಚಾ ಅನ್ನುತ್ತಿದ್ದೆವು. ಹೊಸ ವರ್ಷದ ಸದಸ್ಯರ ಪಟ್ಟಿ ಟೈಪು ಮಾಡುತ್ತಿದ್ದರು.

‘ಸಾಹೇಬ್ರ, ಬುರಾ ಮಾನಬ್ಯಾಡ್ರಿ. ಈ ಖಾನಾ ಖಾಲಿ ಐತ್ರಿ.’

ಯಾರದು ಎಂದು ಬಗ್ಗಿ ನೋಡಿದೆ. ನನ್ನದು. ಮೇಲೆ ಗೆಳೆಯನ ಸಹಿ, ಕೆಳಗೆ ಟಾಚಣಿ ಚುಚ್ಚಿದ ನರ್ಸಮ್ಮನ ಚೀಟಿ, ನಡುವೆ ನನ್ನ ಹೆಸರು, ಅದರ ಮುಂದೆ ಬಿಳಿ ಕಾಗದ.

ಆದರೆ ನಾನು ಸಹಿ ಮಾಡಿದ್ದೆ. ಅದು ನನಗೆ ಚೆನ್ನಾಗಿ ನೆನಪಿತ್ತು. ಅಧ್ಯಕ್ಷರ ದಪ್ಪ ಪೆನ್ನು ಇಸಿದುಕೊಂಡು, ನಿಂತುಕೊಂಡೇ, ಎಡಗೈಯಲ್ಲಿ ವಡೆ ಹಿಡಿದು ಸಹಿ ಮಾಡಿದ್ದೆ. ಪೆನ್ನಿನ ತಂಪು ಕೂಡ ಬೆರಳಿಗೆ ನೆನಪಿತ್ತು. ಇವತ್ತೂ ಕಣ್ಣು ಮುಚ್ಚಿದರೆ ಆ ಸಹಿ ಮಾಡುತ್ತಿರುವ ನಾನು ಕಾಣುತ್ತೇನೆ. ಹಸಿರು ಲಾರಿ ಕಂಡ ಸಾಕ್ಷಿಗಳಿಗೂ ಹೀಗೆಯೇ ಕಂಡಿರಬೇಕು.

ಚಾಚಾ ಸುತ್ತ ನೋಡಿ ದನಿ ತಗ್ಗಿಸಿದರು.

‘ಪೆನ್ನ ಇಲ್ಲೇ ಐತ್ರಿ. ನಾ ಗ್ವಾಡಿ ಕಡೆ ನೋಡ್ತೀನಿ.’

ಮಾತಿನಂತೆ ಗೋಡೆಯ ಕಡೆ ತಿರುಗಿ, ಅಲ್ಲಿದ್ದ ಕ್ಯಾಲೆಂಡರನ್ನು ಬಹಳ ಶ್ರದ್ಧೆಯಿಂದ ನೋಡತೊಡಗಿದರು.

ನಾನು ತಕ್ಷಣ ಪೆನ್ನು ಕೆಳಗಿಟ್ಟೆ ಎಂದು ಬರೆಯುವ ಆಸೆ ಇದೆ. ಮಕ್ಕಳಿಗೆ ಹಾಗೆಯೇ ಹೇಳಿದ್ದೇನೆ. ಆದರೆ ಅವತ್ತಿನ ಡೈರಿಯಲ್ಲಿ ‘ಬ್ಲಾಟಿಂಗ್ ಪೇಪರಿನ ಮೇಲೆ ಶಾಯಿ ನೋಡಿದೆ, ಬಣ್ಣ ಹೊಂದಲಿಲ್ಲ’ ಎಂದಿದೆ. ನನ್ನನ್ನು ತಡೆದದ್ದು ಸತ್ಯನಿಷ್ಠೆಯೋ ಶಾಯಿಯೋ ಎಂಬ ಪ್ರಶ್ನೆಗೆ ಡೈರಿಯ ಉತ್ತರ ಇದು. ಹೇಗೂ ಇರಲಿ, ಪೆನ್ನು ಕೆಳಗಿಟ್ಟೆ. ‘ಇರಲಿ ಚಾಚಾ’ ಎಂದೆ. ಅವರು ತಿರುಗಿ, ‘ಈ ತಿಂಗಳ ಮೂರ್ ಸೂಟಿ ಅದಾವ್ರಿ’ ಎಂದರು, ನಿಜವಾಗಿಯೂ ಕ್ಯಾಲೆಂಡರ್ ನೋಡಿದವರಂತೆ.

ಮರುವಾರ ಕಾರ್ಯಕಾರಿ ಸಮಿತಿಯಲ್ಲಿ ನಾನೇ ಎದ್ದು ವಿಷಯ ಹೇಳಿದೆ. ಪ್ಯಾನೆಲಿನ ಅರ್ಜಿಗೆ ಹದಿನೈದು ದಿನ ಉಳಿದಿತ್ತು ಎಂಬುದನ್ನೂ ಹೇಳಿದೆ. ಒಂದು ಕ್ಷಣ ಎಲ್ಲರಿಗೂ ಅಯ್ಯೋ ಅನ್ನಿಸಿರಬೇಕು. ಮರುಕ್ಷಣವೇ ಅವರ ಮುಖಗಳ ಮೇಲೆ ನನಗೆ ಪರಿಚಯವಿದ್ದ ಒಂದು ಕಳೆ ಬಂತು. ಒಳ್ಳೆಯ ಕೇಸು ಸಿಕ್ಕಿದಾಗ ಬರುವ ಕಳೆ.

ಅಧ್ಯಕ್ಷರು ರಿಜಿಸ್ಟರನ್ನು ಬಹಳ ಹೊತ್ತು ನೋಡಿದರು. ‘ಎಂತ ಮಾಡಿದಿರಿ ಮಾರಾಯ್ರೆ ನೀವು!’ ಎಂದರು. ಅವರ ದನಿಯಲ್ಲಿ ನೋವಿತ್ತು. ‘ನಿಯಮ ನನ್ನದು. ನಾನು ಮುರಿಯುವ ಹಾಗಿಲ್ಲ. ಇವರ ಪರವಾಗಿ ಯಾರಾದರೂ ವಾದ ಮಾಡುದಾದರೆ ಕೇಳುವ.’

ಕಾಂದಿವಲಿಯ ಗೆಳೆಯ ಊರುಗೋಲು ಊರಿ ಎದ್ದ. ಪ್ಲಾಸ್ಟರಿನ ಕಾಲು ಎಳೆದುಕೊಂಡು ಅಷ್ಟು ದೂರದಿಂದ ನನಗಾಗಿಯೇ ಬಂದಿದ್ದ. ಸಮಿತಿಯ ರೂಢಿಯಂತೆ ಇಂಗ್ಲಿಷಿನಲ್ಲಿ ಶುರು ಮಾಡಿದ. ಈ ಸದಸ್ಯ ನಾಲ್ಕು ವರ್ಷ ತಪ್ಪದೆ ನವೀಕರಣ ಮಾಡಿದ್ದಾನೆ ಎಂದ. ಅವತ್ತಿನ ದಿನ ಬೇರೆಯವರಿಗಾಗಿ ಬೆಳಗಿನಿಂದ ಓಡಾಡಿದ್ದಾನೆ ಎಂದ. ‘ಆದರೆ’ ಎಂದ. ಆದರೆ ಎಂದದ್ದೇ ಅವನ ದನಿ ಬದಲಾಯಿತು, ಬೆನ್ನು ನೆಟ್ಟಗಾಯಿತು. ನವೀಕರಣದ ದಿನಾಂಕ ಸ್ಪಷ್ಟವಾಗಿದೆ, ದಿನ ಮೀರಿದೆ, ಸಹಾನುಭೂತಿ ಬೇರೆ ಕಾನೂನು ಬೇರೆ, ಆದ್ದರಿಂದ ನನ್ನ ಕಂಪನಿಯ ಮೇಲೆ ಯಾವ ಹೊಣೆಯೂ ಇಲ್ಲ ಎಂದು ಮೇಜು ಕುಟ್ಟಿ ಕೂತ.

‘ಯಾವ ಕಂಪನಿಯಲೇ?’ ಎಂದೆ ನಾನು.

ಅವನು ನನ್ನನ್ನು ನೋಡಿ, ಅಧ್ಯಕ್ಷರನ್ನು ನೋಡಿ, ‘ಅಯ್ಯ, ರೂಢಿ ಬಿದ್ದೈತಪಾ’ ಎಂದು ತಲೆ ಕೆರೆದುಕೊಂಡ.

ಇನ್ನಿಬ್ಬರು ಪ್ರಯತ್ನಿಸಿದರು. ಒಬ್ಬರು ಎರಡು ನಿಮಿಷದಲ್ಲಿ ನನ್ನನ್ನು ಸಂಘದಿಂದ ತೆಗೆಯುವುದಕ್ಕೆ ಹೊಸ ಕಾರಣವೊಂದನ್ನು ಕಂಡುಹಿಡಿದರು. ಇನ್ನೊಬ್ಬರು ಮಾತು ಅರ್ಧಕ್ಕೇ ನಿಲ್ಲಿಸಿ ಕ್ಷಮೆ ಕೇಳಿದರು. ಹದಿನೈದು ಇಪ್ಪತ್ತು ವರ್ಷ ಒಂದೇ ಕಡೆಯಿಂದ ವಾದಿಸಿದವರು ಅವರೆಲ್ಲ. ನಾಲಿಗೆ ಇನ್ನೊಂದು ಕಡೆಗೆ ಹೊರಳುತ್ತಿರಲಿಲ್ಲ.

‘ಈ ಕೋಣೆಯಲ್ಲಿ ಎದುರು ಪಕ್ಷದ ವಾದ ಬರುವವ ಒಬ್ಬನಾದರೂ ಇದ್ದಾನಾ?’ ಎಂದು ಅಧ್ಯಕ್ಷರು ಕೇಳಿದರು. ಉತ್ತರವಾಗಿ ಯಾವುದೋ ಟೈಪ್‌ರೈಟರು ಟಿಂಗ್ ಎಂದಿತು. ಅವರು ನಿಟ್ಟುಸಿರು ಬಿಟ್ಟು, ‘ಹಾಗಾದರೆ ಪರೇಲ್ ಬಾಯಿಯನ್ನೇ ಕರೆಯಬೇಕು’ ಎಂದರು.

ಪರೇಲ್ ಬಾಯಿ ಎಂದು ನಾವು ಕರೆಯುತ್ತಿದ್ದುದು ಟ್ರಿಬ್ಯುನಲ್ಲಿನಲ್ಲಿ ನಮ್ಮ ಎದುರು ನಿಲ್ಲುತ್ತಿದ್ದ ವಕೀಲೆಯನ್ನು. ಬೆಳಗಾವಿಯವರು. ಅವರ ಕಕ್ಷಿದಾರರೆಲ್ಲ ಪರೇಲಿನ ಮಿಲ್ಲಿನವರು, ಅವರ ಹೆಂಡಂದಿರು. ನಮ್ಮ ಸಂಘದ ಮೆಟ್ಟಿಲು ಅವರು ಹತ್ತುವಂತಿರಲಿಲ್ಲ. ಕಂಪನಿಗಳ ವಿರುದ್ಧ ವಾದಿಸುವವರಿಗೆ ಪ್ರವೇಶವಿಲ್ಲ ಎಂಬುದು ಇನ್ನೊಂದು ನಿಯಮ. ಕರೆಸಿಕೊಂಡ ಅತಿಥಿಗಳ ಬಗ್ಗೆ ಮಾತ್ರ ಅದರಲ್ಲಿ ಏನೂ ಇರಲಿಲ್ಲ. ಮರುದಿನ ಟ್ರಿಬ್ಯುನಲ್ಲಿನ ಹೊರಗೆ ಅವರನ್ನು ಹಿಡಿದು ಎಲ್ಲ ಹೇಳಿದೆ.

‘ಏನ್ರಿ? ನಿಮ್ಮ ಪರವಾಗಿ ನಾನು? ತಡೀರಿ, ಯಾರರೆ ಸಾಕ್ಷಿ ಕರೀತೀನಿ, ಅವರ ಮುಂದ ಇನ್ನೊಮ್ಮೆ ಹೇಳ್ರಿ.’

‘ಚೇಷ್ಟೆ ಮಾಡಬ್ಯಾಡ್ರಿ ಬಾಯಿ.’

‘ಅವಧಿ ಮುಗದೈತಿ ಅಂತ ನನ್ನ ಏಳು ಮಂದಿ ಹೆಣ್ಣಮಕ್ಕಳನ್ನ ಬರಿಗೈಲೆ ಕಳಿಸೀರಿ ನೀವು.’

‘ಏಳಲ್ಲ ಅನಸ್ತೈತ್ರಿ. ನಾಕೋ ಐದೋ.’

‘ಹೆಸರು ಹೇಳ್ಲ್ಯಾ?’

ನಾನು ಬೇಡ ಎಂದೆ. ಅವರು ನಕ್ಕು, ‘ಚಲಾ, ಬರ್ತೀನಿ. ನಿಮ್ಮ ಆ ಸಂಘ ಒಳಗಿಂದ ಹೆಂಗೈತಿ ನೋಡಬೇಕಾಗಿತ್ತು. ಆದ್ರ ವಡೆ ಬಿಸಿ ಇರಬೇಕು’ ಎಂದರು.

ಅವರು ಬಂದ ಸಂಜೆ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹರ್ನಿಯಾದವರೂ ಬಂದಿದ್ದರು. ಬಾಯಿ ಮೊದಲು ಎರಡು ವಡೆ ನಿಧಾನವಾಗಿ ತಿಂದರು, ಸೆರಗಿನಲ್ಲಿ ಕೈ ಒರೆಸಿಕೊಂಡರು, ಆಮೇಲೆ ರಿಜಿಸ್ಟರು ತರಿಸಿಕೊಂಡು ಅಧ್ಯಕ್ಷರ ಮುಂದೆ ಇಟ್ಟರು.

‘ಈ ಕೆಂಪು ಗೆರಿ ನೀವು ಎಳದದ್ದಲ್ರಿ?’

‘ಹೌದು.’

‘ಕೆಳಗ ಎಲ್ಲ ಸದಸ್ಯರೂ ನವೀಕರಣ ಆಗ್ಯಾರ ಅಂತ ಬರದೀರಿ. ಸಹಿ ನಿಮ್ಮದಲ್ರಿ?’

‘ಹೌದು.’

‘ಓದಿ ಸಹಿ ಮಾಡೀರೋ, ಓದಲಾರದನೋ?’

ಅಧ್ಯಕ್ಷರು ತಾವೇ ಎಷ್ಟು ಸಾಕ್ಷಿಗಳಿಗೆ ಈ ಪ್ರಶ್ನೆ ಹಾಕಿದ್ದರೋ. ಯಾವ ಉತ್ತರ ಕೊಟ್ಟರೂ ಹೊಂಡವೇ ಎಂಬುದು ಅವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

‘ಓದದೆ ಸಹಿ ಮಾಡುವ ಅಭ್ಯಾಸ ನನಗಿಲ್ಲ’ ಎಂದರು ಕೊನೆಗೆ.

‘ಹಂಗಂದ್ರ ಖಾಲಿ ಸಾಲು ಕಣ್ಣಾರೆ ನೋಡಿ, ಇಂವ ನಮ್ಮಾಂವ ಅಂತ ಸರ್ಟಿಫಿಕೇಟ್ ಕೊಟ್ರಿ. ಕೊಟ್ಟ ಮ್ಯಾಲ ಹಿಂದ ಸರೀತೀರಿ? ರಸ್ತಾದಾಗಿನ ಮನಷ್ಯಾ ನಿಮ್ಮ ಸರ್ಟಿಫಿಕೇಟ್ ನಂಬತಾನೋ, ನಿಮ್ಮ ಕಪಾಟು ತಗದು ಒಳಗಿನ ಖಾನಾ ಎಣಸ್ತಾನೋ? ನಾಲ್ಕು ವರ್ಷದಿಂದ ಟ್ರಿಬ್ಯುನಲ್ಲಿನ್ಯಾಗ ಇದನ್ನ ಹೇಳಾಕತ್ತೀನಿ. ನೀವು ಯಾರೂ ಕೇಳಿಲ್ಲ. ಇವತ್ತು ನಿಮ್ಮ ಮನುಷ್ಯಾಗ ಬಂದೈತಿ, ಕೇಳ್ರಿ.’

ಮಾತು ಮುಗಿದಾಗ ಯಾರೋ ಚಪ್ಪಾಳೆ ತಟ್ಟಲು ಹೋಗಿ ಅಭ್ಯಾಸಬಲದಿಂದ ನಿಲ್ಲಿಸಿದರು. ನನಗೆ ಆದದ್ದು ಖುಷಿಯೇ. ಆದರೆ ಅದರ ಜೊತೆಗೆ ಇನ್ನೊಂದಿತ್ತು. ಇದೇ ವಾದವನ್ನು ಅವರು ನನ್ನೆದುರು ಎಷ್ಟೋ ಸಲ ಮಾಡಿದ್ದರು. ಆಗೆಲ್ಲ ನಾನು ಅದಕ್ಕೆ ಉತ್ತರವನ್ನಷ್ಟೇ ಹುಡುಕುತ್ತಿದ್ದೆ. ಮೊದಲ ಸಲ ಅದು ನನಗೆ ಕೇಳಿಸಿತು.

ಅಧ್ಯಕ್ಷರು ಒಪ್ಪಿದರು. ಚಾಚಾ ಟೈಪ್‌ರೈಟರಿನ ಗವಸು ತೆಗೆದು ಠರಾವು ಹೊಡೆದರು: ‘ಸರ್ಟಿಫಿಕೇಟನ್ನು ಒಮ್ಮೆ ಕೊಟ್ಟ ಮೇಲೆ ಕೊಟ್ಟವರು ಅದಕ್ಕೆ ಬದ್ಧರಾಗಿರತಕ್ಕದ್ದು ಎಂದು ಈ ಸಂಘ ಅಭಿಪ್ರಾಯಪಡುತ್ತದೆ.’ ಅಧ್ಯಕ್ಷರು ಸಹಿ ಮಾಡಲು ಪೆನ್ನು ತೆರೆದವರು ತಟ್ಟನೆ ನಿಂತರು. ಬಾಯಿ ಕಿಟಕಿಯ ಹೊರಗೆ ನೋಡುತ್ತಿದ್ದರು, ತೀರಾ ಮುಗ್ಧವಾಗಿ.

‘ಅಯ್ಯೋ ದೇವರೇ! ನಾಳೆ ಇವರು ಇದನ್ನು ಟ್ರಿಬ್ಯುನಲ್ಲಿನಲ್ಲಿ ಹಿಡಿದು ಆಡಿಸಿದರೆ? ವಿಮಾ ವಕೀಲರ ಸಂಘವೇ ಒಪ್ಪಿದೆ ಅಂತ?’

ಕೋಣೆಯಲ್ಲಿ ಕೋಲಾಹಲವೆದ್ದಿತು. ನನ್ನೊಬ್ಬನನ್ನು ಉಳಿಸಲು ಇಡೀ ಸಂಘ ಎದುರಾಳಿಯ ವಾದಕ್ಕೆ ಸಹಿ ಹಾಕಬೇಕಿತ್ತು. ಒಂದು ಗಂಟೆ ಚರ್ಚೆಯಾಯಿತು. ಕೊನೆಗೆ ನಮಗೆಲ್ಲ ಗೊತ್ತಿದ್ದ ಒಂದೇ ದಾರಿ ಹಿಡಿದೆವು: ರಾಜಿ. ಯಾರ ಹಕ್ಕಿಗೂ ಬಾಧಕವಿಲ್ಲದಂತೆ, ಯಾವ ತಪ್ಪನ್ನೂ ಒಪ್ಪಿಕೊಳ್ಳದೆ, ಮುಂದೆ ಎಲ್ಲಿಯೂ ಇದನ್ನು ಉದಾಹರಿಸಬಾರದೆಂಬ ಷರತ್ತಿನ ಮೇಲೆ, ನನ್ನ ಸದಸ್ಯತ್ವ ಮುಂದುವರಿದಿದೆ ಎಂದು ಎರಡನೆಯ ಕಾಗದ ಟೈಪಾಯಿತು. ಅಧ್ಯಕ್ಷರು ಮೊದಲನೆಯದನ್ನು ಮುದುಡಿ ಮೇಜಿನ ಮೇಲೆ ಎಸೆದರು. ಎರಡನೆಯದನ್ನು ಮೂರು ಸಲ ಓದಿ, ಎಲ್ಲರಿಗೂ ಕಾಣುವಂತೆ ಬೆರಳಿಟ್ಟು ಓದಿ, ಸಹಿ ಹಾಕಿದರು.

ಬಾಯಿ ಹೊರಡುವಾಗ ಚಾಚಾ ಉಳಿದ ವಡೆಗಳನ್ನು ಒಂದು ಕಾಗದದಲ್ಲಿ ಕಟ್ಟಿ ಕೊಟ್ಟರು. ಕಾಗದವನ್ನು ಮೇಜಿನ ಮೇಲಿನಿಂದ ಎತ್ತಿಕೊಂಡು ಅಂಗೈಯಲ್ಲಿ ಸವರಿ ಮಡಿಕೆ ಬಿಡಿಸಿದ್ದನ್ನು ನಾನು ನೋಡಿದೆ ಎಂದು ನನ್ನ ನೆನಪು. ನಾನು ಅವರ ಕಡೆ ನೋಡಿದಾಗ ಚಾಚಾ ಗೋಡೆಯ ಕ್ಯಾಲೆಂಡರನ್ನು ನೋಡುತ್ತಿದ್ದರು.

ಐದು ವರ್ಷದ ಪತ್ರ ಸಿಕ್ಕಿತು, ಪ್ಯಾನೆಲ್ ಸಿಕ್ಕಿತು. ಜುಲೈನಲ್ಲಿ ಹೊಸ ಕಂಪನಿ ನನಗೆ ಮೊದಲ ಕೇಸು ಕಳಿಸಿತು. ಪರೇಲಿನ ಮಿಲ್ಲಿನವನೊಬ್ಬ ಲಾರಿಗೆ ಸಿಕ್ಕಿ ಸತ್ತಿದ್ದ. ಲಾರಿಯ ಪಾಲಿಸಿಯ ಅವಧಿ ಮುಗಿದಿತ್ತು. ಆದರೆ ಕಂಪನಿಯ ಏಜೆಂಟನೊಬ್ಬ ನವೀಕರಣ ಆಗಿದೆ ಎಂದು ಮುಂಚೆಯೇ ಸರ್ಟಿಫಿಕೇಟ್ ಬರೆದುಕೊಟ್ಟಿದ್ದ. ಹೊಸ ಪ್ಯಾನೆಲ್ ವಕೀಲ ಈ ಕೇಸಿನಲ್ಲಿ ಏನು ಮಾಡುತ್ತಾನೆ ಎಂದು ಕಂಪನಿಯವರು ನೋಡುತ್ತಿದ್ದರು. ಸತ್ತವನ ಹೆಂಡತಿ ಬಾಯಿಯ ಹಿಂದೆ ಬೆಂಚಿನ ಮೇಲೆ ಕೂತಿದ್ದಳು. ನಾನು ಎದ್ದು ನಿಂತೆ. ಹೇಳಬೇಕಾದ ವಾಕ್ಯ ನಾಲಿಗೆಯ ಮೇಲಿತ್ತು. ಎಷ್ಟೋ ಸಲ ಹೇಳಿದ ವಾಕ್ಯ.

ಬಾಯಿ ನನ್ನ ಕಡೆ ನೋಡಲಿಲ್ಲ. ತಮ್ಮ ಫೈಲು ಬಿಚ್ಚಿದರು. ಎಲ್ಲಕ್ಕಿಂತ ಮೇಲೆ ಒಂದು ಕಾಗದವಿತ್ತು, ಮುದುಡಿ ನೆಟ್ಟಗೆ ಮಾಡಿದ್ದು, ಎಣ್ಣೆ ಕುಡಿದು ಆಚೆಯ ಅಕ್ಷರಗಳೆಲ್ಲ ಈಚೆ ಕಾಣುವಂಥದ್ದು. ಅದನ್ನು ಮೆಲ್ಲಗೆ ಎತ್ತಿ ಪಕ್ಕಕ್ಕಿಟ್ಟರು, ಅಷ್ಟೆ.

ನಾನು ಜಡ್ಜರನ್ನು ಇನ್ನೊಂದು ತಾರೀಖು ಕೇಳಿಕೊಂಡೆ. ಆ ಸಂಜೆ ಕಂಪನಿಗೆ ಪತ್ರ ಬರೆದೆ: ಸರ್ಟಿಫಿಕೇಟ್ ಕೊಟ್ಟಾಗಿದೆ, ಈ ಕೇಸು ನಿಲ್ಲುವುದಿಲ್ಲ, ರಾಜಿಯೇ ಲೇಸು. ಮೊದಲ ಕೇಸಿನಲ್ಲೇ ಹೀಗೆ ಬರೆದವನನ್ನು ಪ್ಯಾನೆಲಿನಿಂದ ತೆಗೆದುಹಾಕುತ್ತಾರೆಂದು ಹದಿನೈದು ದಿನ ಹೆದರಿಕೊಂಡಿದ್ದೆ. ತೆಗೆಯಲಿಲ್ಲ. ಅವರು ಒಪ್ಪಿದರು. ಆ ಹೆಣ್ಣುಮಗಳು ಬರಿಗೈಯಲ್ಲಿ ಹೋಗಲಿಲ್ಲ. ಡೈರಿಯಲ್ಲಿ ‘ಕೇಸು ರಾಜಿ. ಮಳೆ ಜೋರು’ ಎಂದಷ್ಟೇ ಇದೆ. ಎಣ್ಣೆ ಕಾಗದದ ಪ್ರಸ್ತಾಪವಿಲ್ಲ.

ಒಂದೆರಡು ವರ್ಷದ ಮೇಲೆ ಧೈರ್ಯ ಮಾಡಿ ಬಾಯಿಯನ್ನು ಕೇಳಿದೆ, ಅವತ್ತು ಫೈಲಿನ ಮೇಲಿದ್ದದ್ದು ಆ ಠರಾವೇನಾ ಎಂದು.

‘ಯಾವ ಠರಾವ್ರಿ? ಅದು ನನ್ನ ಭಕ್ರಿ ಕಟಗೊಂಡು ಬಂದ ಕಾಗದ. ನಿಮಗೆಲ್ಲ ಲಾರಿನೂ ಹಸರ ಕಾಣಸ್ತಾವ’ ಎಂದು ನಕ್ಕರು.

ಇರಬಹುದು. ಒಣ ಜೋಳದ ಭಕ್ರಿಗೆ ಅಷ್ಟು ಎಣ್ಣೆ ಇರುತ್ತದೆಯೇ ಎಂದು ಕೇಳಬೇಕೆನ್ನಿಸಿತು, ಕೇಳಲಿಲ್ಲ. ಸಹಿ ತಪ್ಪಿದ ಆ ವರ್ಷದ ಮುಂದಿನ ಮಾರ್ಚಿನಿಂದ ರಿಜಿಸ್ಟರು ಕೈಗೆ ಬಂದ ದಿನವೇ ಮೊದಲು ನನ್ನ ಸಹಿ ಹಾಕುತ್ತಿದ್ದೆ. ಐದು ಗಂಟೆಗೆ ಅಧ್ಯಕ್ಷರು ಭೂತಗನ್ನಡಿ ಹಿಡಿದು ಒಂದೊಂದೇ ಸಾಲು ನೋಡುತ್ತಿದ್ದರು. ನನ್ನ ಹೆಸರು ಬಂದಾಗ ತಲೆಯೆತ್ತಿ ನನ್ನನ್ನೂ ಒಮ್ಮೆ ನೋಡಿ, ಮತ್ತೆ ಸಹಿಯನ್ನು ನೋಡುತ್ತಿದ್ದರು.